ಸೋಡಿಯಂ ಎಲೆಕ್ಟ್ರಾನ್ ಬಿಟ್ಟುಕೊಡುವುದು ಯಾಕೆ?

ಎಲ್ಲರಿಗೂ ನಮಸ್ಕಾರ.

ಅಯಾನಿಕ ಬಂಧದ ಪಾಠ ನಿಮಗೆ ನೆನಪಿರಬಹುದು. ಸೋಡಿಯಂನ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನ್. ಕ್ಲೋರಿನ್‌ಗೆ ಏಳು, ಎಂಟಾಗಲು ಒಂದು ಕಡಿಮೆ. ಲೋಹ ಕೊಡುತ್ತದೆ, ಅಲೋಹ ತಗೊಳ್ಳುತ್ತದೆ. ಇಬ್ಬರಿಗೂ ಖುಷಿ, ಉಪ್ಪು ರೆಡಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಕಥೆಗೆ ನನ್ನದೊಂದು ತಕರಾರಿದೆ.

ಸೋಡಿಯಂ ಎಲೆಕ್ಟ್ರಾನನ್ನು ಸುಮ್ನೆ ಕೊಡುವುದಿಲ್ಲ, ಕಿತ್ತುಕೊಳ್ಳಬೇಕು. ಒಂದು ಮೋಲ್ (ಪರಮಾಣುಗಳನ್ನು ಎಣಿಸಲು ಬಳಸುವ ದೊಡ್ಡ ಗುಂಪಿನ ಲೆಕ್ಕ) ಬಿಡಿ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಖರ್ಚು. ಕ್ಲೋರಿನ್ ಅವನ್ನು ತಗೊಂಡಾಗ ವಾಪಸ್ ಬರುವುದು 349 ಮಾತ್ರ. ಅಂದರೆ 147 ಲುಕ್ಸಾನು. ಅದಕ್ಕೂ ಮೊದಲು ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳಾಗಿ ಒಡೆಯಬೇಕಲ್ವಾ? ಅದಕ್ಕೆ 107. ಜೋಡಿಯಾಗಿರುವ ಕ್ಲೋರಿನ್ ಬಿಡಿಸಲು ಇನ್ನೊಂದು 122. ಒಟ್ಟು ಸಾಲ 376 ಕಿಲೋಜೂಲ್.

ಆದರೂ ಕಾಯಿಸಿದ ಸೋಡಿಯಂ ತುಂಡನ್ನು ಕ್ಲೋರಿನ್ ಜಾಡಿಗೆ ಇಳಿಸಿದರೆ ಹಳದಿ ಬೆಳಕು ಚೆಲ್ಲಿ ಧಗಧಗ ಉರಿಯುತ್ತದೆ. ಇಷ್ಟು ಶಕ್ತಿ ಎಲ್ಲಿಂದ ಬಂತು?

ಎಲೆಕ್ಟ್ರಾನ್ ಕೈ ಬದಲಾಯಿಸಿದ್ದರಿಂದ ಅಲ್ಲ, ಆಮೇಲೆ ನಡೆಯುವುದರಿಂದ. ಈಗ ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಧನ ವಿದ್ಯುದಾವೇಶದ ಅಯಾನು, ಅದನ್ನು ಪಡೆದ ಕ್ಲೋರಿನ್ ಋಣ ಅಯಾನು, ಅಂದರೆ ಕ್ಲೋರೈಡ್. ಎರಡೂ ಸೆಳೆದುಕೊಳ್ಳುತ್ತವೆ. ಅದೂ ಒಂದಕ್ಕೊಂದು ಎಂಬ ಲೆಕ್ಕದಲ್ಲಲ್ಲ. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ, ಎಲ್ಲ ದಿಕ್ಕಿಗೂ ಹೀಗೇ. ಈ ಜೋಡಣೆ ಆಗುವಾಗ ಹೊರಬರುವುದು ಸುಮಾರು 787 ಕಿಲೋಜೂಲ್. ಸಾಲ ತೀರಿ ಇನ್ನೂ 411 ಉಳಿಯುತ್ತದೆ. ಜಾಡಿ ಬಿಸಿಯಾಗುವುದು ಅದರಿಂದ. ಈ ಲೆಕ್ಕ ಹಾಕುವ ದಾರಿ ತೋರಿಸಿದವರು ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಜ್ ಹೇಬರ್, 1919ರಲ್ಲಿ.

ಹಾಗಾದರೆ ಉಪ್ಪಿನ ಹರಳಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಸೇರಿದ ‘ಅಣು’ ಎಲ್ಲಿದೆ? ಎಲ್ಲೂ ಇಲ್ಲ. 1913ರಲ್ಲಿ ವಿಲಿಯಂ ಲಾರೆನ್ಸ್ ಬ್ರ್ಯಾಗ್ ಎಕ್ಸ್-ರೇ ಹಾಯಿಸಿ ಇದನ್ನು ತೋರಿಸಿದರು. ಎಲ್ಲರೂ ಒಪ್ಪಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನ ವಿಜ್ಞಾನಿ 1927ರಲ್ಲೂ ‘ನೇಚರ್’ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದರು. ಉಪ್ಪನ್ನು ಚದುರಂಗದ ಹಾಸು ಮಾಡಿಬಿಟ್ಟರಲ್ಲ ಎಂಬುದು ಅವರ ಗೋಳು. ನನಗಂತೂ ಅವರ ಸಿಟ್ಟು ಅರ್ಥವಾಗುತ್ತದೆ. ಜೀವಮಾನವೆಲ್ಲ ಅಣುಗಳ ಬಗ್ಗೆ ಪಾಠ ಹೇಳಿದವರು ಅವರು.

ಹಾಗಂತ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್ ಆಗಬೇಕೆನ್ನುವ ‘ಎಂಟರ ನಿಯಮ’ ಸುಳ್ಳಾ? ಅಲ್ಲ, ಅದರ ಕೆಲಸ ಬೇರೆ. ಸೋಡಿಯಂ ಒಂದೇ ಎಲೆಕ್ಟ್ರಾನಿಗೆ ಯಾಕೆ ನಿಲ್ಲುತ್ತದೆ ಅಂತ ಕೇಳಿ. ಎರಡನೆಯದನ್ನು ತುಂಬಿದ ಒಳಕವಚದಿಂದ ಕೀಳಬೇಕು. ಅದಕ್ಕೆ ಸುಮಾರು 4562 ಕಿಲೋಜೂಲ್! ಕ್ಲೋರೈಡ್ ಜೊತೆ ಎಷ್ಟು ಒತ್ತಾಗಿ ಕೂತರೂ ಆ ಖರ್ಚು ಹುಟ್ಟುವುದಿಲ್ಲ. ಮೆಗ್ನೀಸಿಯಂನ ಎರಡನೇ ಎಲೆಕ್ಟ್ರಾನಿಗೆ ಬೇಕಾದ್ದು 1451 ಅಷ್ಟೇ, ಯಾಕೆಂದರೆ ಅದಿನ್ನೂ ಹೊರಕವಚದಲ್ಲೇ ಇದೆ. ಹಾಗಾಗಿ ಆಕ್ಸಿಜನ್ ಜೊತೆ ಸೇರುವಾಗ ಅದು ಎರಡನ್ನೂ ಬಿಡುತ್ತದೆ. ಎರಡೂ ಕಡೆ ವಿದ್ಯುದಾವೇಶ ದುಪ್ಪಟ್ಟು, ಸೆಳೆತ ಇನ್ನೂ ಜಾಸ್ತಿ. ಉಪ್ಪು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಮೆಗ್ನೀಸಿಯಂ ಆಕ್ಸೈಡ್‌ಗೆ 2800 ಡಿಗ್ರಿ ದಾಟಬೇಕು. ಉಕ್ಕಿನ ಕುಲುಮೆಗಳ ಒಳಗೋಡೆಗೆ ಅದರ ಇಟ್ಟಿಗೆ ಹಾಕುವುದು ಇದಕ್ಕೇ.

ಕೊನೆಗೊಂದು ಎಚ್ಚರಿಕೆ. ಲೋಹ, ಅಲೋಹ ಸೇರಿದ ಕಡೆಯೆಲ್ಲ ಅಯಾನಿಕ ಬಂಧ ಅಂತ ಬರೆದುಬಿಡಬೇಡಿ. ಅಲ್ಯೂಮಿನಿಯಂ ಕ್ಲೋರೈಡ್ ಸುಮಾರು 180 ಡಿಗ್ರಿಗೇ ಆವಿಯಾಗುತ್ತದೆ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಅಲ್ಯೂಮಿನಿಯಂ ಅಯಾನು ತೀರಾ ಪುಟ್ಟದು, ಸೆಳೆತ ಮಾತ್ರ ಜೋರು. ಕ್ಲೋರಿನ್‌ಗೆ ಹೋದ ಎಲೆಕ್ಟ್ರಾನ್‌ಗಳನ್ನು ಅದು ಅರ್ಧದಾರಿಗೆ ವಾಪಸ್ ಎಳೆಯುತ್ತದೆ. ಆಗ ಅದು ಕೊಟ್ಟಿದ್ದೂ ಅಲ್ಲ, ತಗೊಂಡಿದ್ದೂ ಅಲ್ಲ, ಹಂಚಿಕೊಂಡಿದ್ದು. ಆವಿಯಲ್ಲಿ ಅದರ ಅಣುಗಳು ನಿಜವಾಗಿಯೂ ಇವೆ.