ಕೂಡ್ಲಿನಲ್ಲಿ ಸೋತ ಪಂಡಿತರು

ನಮಸ್ಕಾರ. ಮಧ್ವಾಚಾರ್ಯರನ್ನು ವಾಯುವಿನ ಅವತಾರ ಅಂತ ಹೊಗಳುವ ವಾಯುಸ್ತುತಿ ಕೇಳದ ಮಾಧ್ವರ ಮನೆ ಇರಲಿಕ್ಕಿಲ್ಲ. 41 ಶ್ಲೋಕ, ಸ್ರಗ್ಧರಾ ವೃತ್ತದಲ್ಲಿ ಗುಡುಗಿದ ಹಾಗೆ ಹೋಗುತ್ತದೆ. ಉಡುಪಿಯ ಮಠದಲ್ಲೂ ಹೇಳುತ್ತಾರೆ, ಬೆಂಗಳೂರಿನ ಅಪಾರ್ಟ್‌ಮೆಂಟಿನ ದೇವರ ಕೋಣೆಯಲ್ಲೂ ಹೇಳುತ್ತಾರೆ. ಬರೆದವರು ಎಲ್ಲಿಯವರು ಅಂತ ಕೇಳಿ ನೋಡಿ, ಉಡುಪಿ ಅಂತಲೇ ಉತ್ತರ ಬರುತ್ತದೆ. ಅಲ್ಲ ಮಾರಾಯ್ರೆ! ನಮ್ಮ ಕಾಸರಗೋಡಿನವರು. ಪೇಟೆಯಿಂದ ಮಂಗಳೂರು ಕಡೆ ಹೊರಟರೆ ಹೆಚ್ಚು ದೂರವಿಲ್ಲ, ಕಾವುಗೋಳಿ. ಅಲ್ಲಿಯ ಕಾವು ಮಠ ಅವರ ಮನೆ. ತ್ರಿವಿಕ್ರಮ ಪಂಡಿತಾಚಾರ್ಯರು, ಪೆಜತ್ತಾಯ ಮನೆತನ, 13ನೇ ಶತಮಾನ.

ಇವರ ಬಗ್ಗೆ ಗೊತ್ತಿದ್ದವರಿಗೂ ಗೊತ್ತಿರುವುದು ಒಂದೇ ಕತೆ. ಜೀವ, ಬ್ರಹ್ಮ ಒಂದೇ ಅನ್ನುವ ಅದ್ವೈತದ ದೊಡ್ಡ ಪಂಡಿತ, ಕಾಸರಗೋಡಿನ ಹತ್ತಿರದ ಕೂಡ್ಲಿನಲ್ಲಿ ದ್ವೈತದ ಮಧ್ವಾಚಾರ್ಯರ ಜೊತೆ ದಿನಗಟ್ಟಲೆ ವಾದ ಮಾಡಿದರು, ಸೋತರು, ಶಿಷ್ಯರಾದರು. ಮುಗಿಯಿತು. ಹರಿಕತೆಯಲ್ಲಿ ಈ ಭಾಗ ಬಂದರೆ ಜನ ಚಪ್ಪಾಳೆ ಹೊಡೆಯುವುದು ಗೆದ್ದವರಿಗೆ. ಸರಿಯೇ. ಆದರೆ ನನಗೆ ಕುತೂಹಲ ಇರುವುದು ಸೋಲಿನ ಮರುದಿನದಿಂದ ಏನಾಯಿತು ಅನ್ನುವುದರಲ್ಲಿ.

ಮಧ್ವಾಚಾರ್ಯರು ಏನು ಮಾಡಿದರು? ತಮ್ಮ ಬ್ರಹ್ಮಸೂತ್ರ ಭಾಷ್ಯಕ್ಕೆ ಟೀಕೆ, ಅಂದರೆ ವಿವರಣೆ, ಬರೆಯುವ ಕೆಲಸವನ್ನು ಇದೇ ಮನುಷ್ಯನ ಕೈಗೆ ಕೊಟ್ಟರು. ನಿನ್ನೆ ಮೊನ್ನೆಯವರೆಗೆ ಎದುರು ಕೂತು ಆಕ್ಷೇಪ ಎತ್ತುತ್ತಿದ್ದವರಿಗೆ! ಹುಟ್ಟಿದ್ದು 'ತತ್ತ್ವಪ್ರದೀಪ'. ಅದಕ್ಕಿಂತ ದೊಡ್ಡದು ಇನ್ನೊಂದುಂಟು. ತ್ರಿವಿಕ್ರಮರು ಗುರುಗಳ ಹತ್ತಿರ ಹೋಗಿ ಹೇಳಿದರಂತೆ, ನಿಮ್ಮ ಗ್ರಂಥಗಳು ಬಹಳ ಗಹನ, ನಮ್ಮಂಥವರ ತಲೆಗೆ ಹತ್ತುವುದಿಲ್ಲ, ಯುಕ್ತಿಗಳನ್ನೆಲ್ಲ ಬಿಡಿಸಿ ಹೇಳುವ ಒಂದು ಗ್ರಂಥ ಮಾಡಿಕೊಡಿ ಅಂತ. ಆಗ ಬಂದದ್ದು ಬ್ರಹ್ಮಸೂತ್ರದ ಮೇಲಿನದೇ ಇನ್ನೊಂದು ಗ್ರಂಥ, 'ಅನುವ್ಯಾಖ್ಯಾನ'. ನಾಲ್ಕು ಶಿಷ್ಯರನ್ನು ಕೂರಿಸಿಕೊಂಡು ನಾಲ್ಕೂ ಅಧ್ಯಾಯಗಳನ್ನು ಒಟ್ಟೊಟ್ಟಿಗೆ ಹೇಳಿ ಬರೆಸಿದರು ಅಂತ ಸಂಪ್ರದಾಯ. ಅದರ ಮೇಲೆ ಜಯತೀರ್ಥರು ಬರೆದದ್ದೇ 'ನ್ಯಾಯಸುಧಾ'. ಓದಿದರೆ ಸುಧೆ ಓದಬೇಕು, ಇಲ್ಲದಿದ್ದರೆ ರಾಜ್ಯ ಆಳಬೇಕು ಅಂತ ಗಾದೆಯನ್ನೇ ಮಾಡಿಟ್ಟಿದ್ದಾರಲ್ಲ, ಆ ಸುಧೆ. ಆ ಪರಂಪರೆಯ ಬುಡದಲ್ಲಿ ನಮ್ಮ ಕಾವುಗೋಳಿಯ ಮನುಷ್ಯ 'ನನಗೆ ಅರ್ಥ ಆಗಲಿಲ್ಲ' ಅಂದದ್ದು ಉಂಟು. ಅಷ್ಟು ಓದಿದವರು ನಾಲ್ಕು ಜನರೆದುರು ಆ ಮಾತು ಹೇಳುವುದು ಸುಲಭವಾ?

ಮನೆಯವರನ್ನೂ ನೋಡಿ. ತ್ರಿವಿಕ್ರಮರ ತಮ್ಮ ಶಂಕರ ಪಂಡಿತರು ಆಚಾರ್ಯರ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದವರು. ಆ ಪುಸ್ತಕಗಳನ್ನು ವಿರೋಧಿಗಳು ಕದ್ದುಕೊಂಡು ಹೋದರು. ಈಗಿನ ಹಾಗೆ ಕಾಪಿ ಇಟ್ಟುಕೊಳ್ಳುವ ಕಾಲವಾ ಅದು? ತಾಳೆಗರಿ ಹೋದರೆ ಹೋಯಿತು. ಕೊನೆಗೆ ಕುಂಬಳೆಯ ಅರಸ ಜಯಸಿಂಹ ನಡುವೆ ಬಂದು ಗ್ರಂಥಗಳು ಮರಳಿ ಸಿಕ್ಕಿದವು. ಶಂಕರ ಪಂಡಿತರು ಅನುವ್ಯಾಖ್ಯಾನಕ್ಕೆ 'ಸಂಬಂಧದೀಪಿಕೆ' ಅಂತ ಟೀಕೆಯನ್ನೂ ಬರೆದರು. ಈ ಮನೆಯ ಹೆಣ್ಣುಮಗಳು ಕಲ್ಯಾಣೀದೇವಿಯ ಹೆಸರಿನಲ್ಲೂ ದೇವತೆಗಳ ಮೇಲು-ಕೆಳಗಿನ ಕ್ರಮ ಹೇಳುವ ಒಂದು ಚಿಕ್ಕ ತಾರತಮ್ಯ ಸ್ತೋತ್ರ ಉಳಿದಿದೆ. ಆ ಕಾಲದ ಹೆಂಗಸೊಬ್ಬರ ಸಂಸ್ಕೃತ ರಚನೆ ಹೆಸರಿನ ಸಮೇತ ಉಳಿಯುವುದು ಎಷ್ಟು ಅಪರೂಪ ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ತ್ರಿವಿಕ್ರಮರ ಮಗ ನಾರಾಯಣ ಪಂಡಿತಾಚಾರ್ಯರು. ಮಧ್ವಾಚಾರ್ಯರ ಜೀವನ ಹೇಳುವ 16 ಸರ್ಗಗಳ ಕಾವ್ಯ 'ಸುಮಧ್ವವಿಜಯ' ಅವರದ್ದು. ಕಾವ್ಯದಲ್ಲಿ ಊರಿನ, ಜನರ ಹೆಸರುಗಳನ್ನೆಲ್ಲ ಸಂಸ್ಕೃತಕ್ಕೆ ತಿರುಗಿಸಿಬಿಟ್ಟು, ಆಮೇಲೆ ಮುಂದಿನವರಿಗೆ ತಿಳಿಯಲಿಕ್ಕಿಲ್ಲ ಅಂತ ತಾವೇ 'ಭಾವಪ್ರಕಾಶಿಕೆ' ಅಂತ ಟಿಪ್ಪಣಿ ಬರೆದು ಜನರ ಬಾಯಲ್ಲಿದ್ದ ಹೆಸರುಗಳನ್ನು ಕೊಟ್ಟರು. ಕವಿಯೇ ತನ್ನ ಕಾವ್ಯಕ್ಕೆ ಇಂಥ ಕೀಲಿಕೈ ಇಟ್ಟು ಹೋಗುವುದುಂಟಾ! ಇತಿಹಾಸ ಓದುವವರಿಗೆ ಇದು ಚಿನ್ನ. ಆದರೆ ಅವರದ್ದೇ 'ಮಣಿಮಂಜರಿ' ನನಗೆ ಹಿಡಿಸುವುದಿಲ್ಲ, ಮುಚ್ಚುಮರೆ ಎಂತಕ್ಕೆ. ಅದ್ವೈತದ ಶಂಕರಾಚಾರ್ಯರನ್ನು ರಾಕ್ಷಸನ ಅವತಾರ ಅಂತ ಅದರಲ್ಲಿ ಮಾಡಿದ್ದಾರೆ. ಅಪ್ಪ ಎದುರಾಳಿಯ ಮುಂದೆ ಕೂತು ಮಾತಾಡಿ ಬದಲಾದವರು, ಮಗನಿಗೆ ಬೈಗುಳ ಎಲ್ಲಿಂದ ಬಂತೋ. ಇವತ್ತು ಅದೇ ಸೀಮೆಯಲ್ಲಿ ಶಂಕರರ ಶಿಷ್ಯ ತೋಟಕಾಚಾರ್ಯರ ಪರಂಪರೆಯ ಎಡನೀರು ಮಠ ಇದೆ, ಯಕ್ಷಗಾನಕ್ಕೆ ಎಲ್ಲರೂ ಹೋಗುತ್ತಾರೆ, ಯಾರ ಸಿದ್ಧಾಂತ ಯಾವುದು ಅಂತ ಗೇಟಿನಲ್ಲಿ ಕೇಳುವುದಿಲ್ಲ.

ಹಾಗಾದರೆ ಈ ಮನೆತನ ನಮ್ಮ ಬಾಯಿಗೆ ಯಾಕೆ ಬರುವುದಿಲ್ಲ? ನನಗೆ ಅನಿಸುವುದು ಇಷ್ಟು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಾವು ಗಡಿ ಅಂತ ಮಾತಾಡುತ್ತಾ ಬಂದಿದ್ದೇವೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದ ಮಹಾಜನ ವರದಿ, ಮಲಯಾಳಂ ಬೋರ್ಡು. ಅದು ಬೇಕು, ನಾನೂ ಕನ್ನಡ ಮೀಡಿಯಂನಲ್ಲೇ ಓದಿದವನು. ವೇದಿಕೆ ಹತ್ತಿದರೆ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಅಂತೇವೆ. ತ್ರಿವಿಕ್ರಮರು ಬರೆದದ್ದು ಸಂಸ್ಕೃತದಲ್ಲಿ, ಹುಟ್ಟಿದ್ದು ತುಳುನಾಡಿನ ಮನೆಯಲ್ಲಿ. ಕನ್ನಡ ಹೋರಾಟದ ಬ್ಯಾನರಿಗೆ ಅವರು ಒದಗುವುದಿಲ್ಲ. ಕೇರಳದವರಿಗೆ ಅವರು ಉಡುಪಿ ಕಡೆಯವರು, ಉಡುಪಿಯವರಿಗೆ ಗಡಿಯಾಚೆಯವರು. ಮೂರು ಕಡೆಯೂ ಲೆಕ್ಕಕ್ಕಿಲ್ಲ.

ಕೇಳುವವರಲ್ಲಿ ಕೂಡ್ಲು, ಮಧೂರು, ಕುಂಬಳೆ ಕಡೆಯ ಹಳೇ ಮನೆಗಳವರು ಇದ್ದೇ ಇರುತ್ತೀರಿ. ನಮ್ಮ ಕರಾವಳಿಯಲ್ಲಿ ಸಂಸ್ಕೃತ ಗ್ರಂಥಗಳನ್ನು ತಾಳೆಗರಿಯಲ್ಲಿ ತುಳು ಲಿಪಿಯಲ್ಲಿ ಬರೆಯುತ್ತಿದ್ದರು. ಅಟ್ಟದಲ್ಲಿ ಅಂಥ ಕಟ್ಟು ಇದ್ದರೆ 'ಮಲಯಾಳಂ ಇರಬೇಕು' ಅಂತ ಮೂಲೆಗೆ ಹಾಕಬೇಡಿ, ನೋಡಲಿಕ್ಕೆ ಹಾಗೆಯೇ ಕಾಣುತ್ತದೆ. ಗೆದ್ದಲು ಹಿಡಿಯುವ ಮೊದಲು ಫೋಟೋ ತೆಗೆದು ಲಿಪಿ ಓದಬಲ್ಲವರಿಗೆ ತೋರಿಸಿ.