ಹೂಜಿ ಗಿಡಕ್ಕೆ ಇರುಳಿನ ತಂಪು

ಕೇಳುಗರಿಗೆ ನಮಸ್ಕಾರ.

ಮನೆಯೊಳಗೆ ಕೀಟಾಹಾರಿ ಗಿಡಗಳನ್ನು ಬೆಳೆಸುವವರು ಬಂದ ನೆಂಟರಿಗೆ ಮೊದಲು ತೋರಿಸುವುದು ಗಾಜಿನ ಪೆಟ್ಟಿಗೆಯೊಳಗೆ ಸಾಂಬ್ರಾಣಿ ಹೊಗೆಯಂತೆ ಹೊಮ್ಮುವ ಮಂಜನ್ನು. ನಾನೂ ಹಾಗೆ ಆರಂಭಿಸಿದವನೇ. ಬೆಂಗಳೂರಿನ ನಮ್ಮ ಮನೆಯ ಹತ್ತಡಿ ಉದ್ದ, ಎಂಟಡಿ ಅಗಲದ ಒಂದು ಕೋಣೆಯಲ್ಲಿ ಈ ಗಿಡಗಳಿಗೆ ಒಗ್ಗುವ ಹವೆಯನ್ನು ಕಾಯ್ದುಕೊಳ್ಳಲು ಕೆಲವು ವರ್ಷ ಹೆಣಗಿದ ಮೇಲೆ, ಮಂಜಿನ ಯಂತ್ರಕ್ಕೆ ಸುರಿದ ಹಣವನ್ನು ಇರುಳಿನ ತಂಪಿಗೆ ಖರ್ಚು ಮಾಡಬೇಕಿತ್ತು ಎಂಬುದು ನನಗೆ ಮನವರಿಕೆಯಾಯಿತು. ಇಂದು ಹೇಳಬೇಕೆಂದಿರುವುದು ಅದರ ಬಗ್ಗೆಯೇ.

ಎಲೆಯ ತುದಿಯಲ್ಲಿ ಹೂಜಿಯಾಕಾರದ ಬಲೆ ಬೆಳೆಸಿ ಕೀಟ ಹಿಡಿಯುವ ನೆಪೆಂಥಿಸ್ ಎಂಬ ಕುಲದ ಹೂಜಿ ಗಿಡಗಳಲ್ಲಿ ತಗ್ಗು ಪ್ರದೇಶದವು, ಎತ್ತರದ ಬೆಟ್ಟಗಳವು ಎಂದು ಬೆಳೆಗಾರರು ಎರಡು ಬಗೆ ಮಾಡುತ್ತಾರೆ. ಬೋರ್ನಿಯೊದ ಕಿನಬಾಲು ಬೆಟ್ಟದ ಆಸುಪಾಸಿನಲ್ಲಿ ಸುಮಾರು 1500ರಿಂದ 2650 ಮೀಟರ್ ಎತ್ತರದಲ್ಲಿ ಬೆಳೆಯುವ ನೆಪೆಂಥಿಸ್ ರಾಜಾ ಎರಡನೆಯ ಬಗೆಗೆ ಸೇರಿದ್ದು. 1858ರಲ್ಲಿ ಬ್ರಿಟಿಷ್ ಅಧಿಕಾರಿ ಹ್ಯೂ ಲೋ ಸಂಗ್ರಹಿಸಿದ ಈ ಗಿಡವನ್ನು ಮರುವರ್ಷ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ವಿವರಿಸಿ ಹೆಸರಿಟ್ಟರು. ಅಂದಿನ ಇಂಗ್ಲೆಂಡಿನ ತೋಟಗಾರರು ಉಷ್ಣವಲಯದ ಗಿಡವೆಂದರೆ ಹಗಲೂ ರಾತ್ರಿಯೂ ಕಾಯಿಸಿದ ಗಾಜಿನ ಮನೆಯಲ್ಲಿ ಇಡತಕ್ಕದ್ದೆಂದು ನಂಬಿದ್ದರು. ಬೆಟ್ಟದ ಗಿಡಗಳಿಗೆ ಆ ಉಪಚಾರವೇ ಮುಳುವಾಗುತ್ತಿತ್ತು. ಸಮಭಾಜಕವೃತ್ತದ ಬಳಿಯ ಬೆಟ್ಟಗಳಲ್ಲಿ ವರ್ಷವಿಡೀ ಹಗಲು 22ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ, ಇರುಳು 12ರಿಂದ 15ಕ್ಕೆ ಇಳಿಯುತ್ತದೆ. ಹಗಲಿನಲ್ಲಿ ಎಲೆ ಕೂಡಿಟ್ಟ ಸಕ್ಕರೆಯನ್ನು ಬೆಚ್ಚನೆಯ ರಾತ್ರಿಯ ಉಸಿರಾಟವು ಕರಗಿಸಿಬಿಡುತ್ತದೆ. ತಂಪು ರಾತ್ರಿಯಲ್ಲಿ ಅದು ಉಳಿದು ಹೊಸ ಹೂಜಿಯಾಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳು 15, 16 ಡಿಗ್ರಿಗೆ ಇಳಿಯುವುದರಿಂದ ಆ ಎರಡು ತಿಂಗಳು ಕಿಟಕಿ ತೆರೆದಿಟ್ಟರೆ ಸಾಕು, ಪ್ರಕೃತಿಯೇ ನಮ್ಮ ಕೆಲಸ ಮಾಡಿಕೊಡುತ್ತದೆ. ಏಪ್ರಿಲ್ ಬಂತೆಂದರೆ ಇರುಳಿನ ತಾಪ 22ರ ಆಚೀಚೆ ನಿಂತುಬಿಡುತ್ತದೆ. ಗಿಡ ತಕ್ಷಣ ಸಾಯುವುದಿಲ್ಲ. ಸಾಯದಿರುವುದರಿಂದಲೇ ನಾವು ಮೋಸಹೋಗುತ್ತೇವೆ. ಎಲೆಗಳು ಬರುತ್ತವೆ, ಆದರೆ ಪ್ರತಿಯೊಂದೂ ಹಿಂದಿನದಕ್ಕಿಂತ ಚಿಕ್ಕದು. ಎಲೆಯ ತುದಿಯಿಂದ ಇಳಿಬಿದ್ದ ತಂತುವಿನ ಕೊನೆಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ, ರೋಮ ಮುಚ್ಚಿದ ಮೊಗ್ಗು ಇರುತ್ತದೆ. ಹೂಜಿಯಾಗಿ ಉಬ್ಬಬೇಕಾದ ಅದು ವಾರಗಟ್ಟಲೆ ಹಾಗೆಯೇ ಉಳಿದು, ಒಂದು ದಿನ ಸುಟ್ಟ ಸಾಸಿವೆಯಂತೆ ಕಪ್ಪಾಗಿ ಉದುರುತ್ತದೆ. ಇದನ್ನು ಕಂಡವರು ತೇವ ಸಾಲದೆಂದು ಭಾವಿಸಿ ಇನ್ನಷ್ಟು ಮಂಜು ಹಾಯಿಸುತ್ತಾರೆ.

ತೇವಾಂಶದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. 25 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 15 ಡಿಗ್ರಿಯ ಗಾಳಿಗೆ ಸುಮಾರು 13 ಗ್ರಾಂ ಮಾತ್ರ ಸಾಧ್ಯ. ಆದ್ದರಿಂದ ಹಗಲಿನಲ್ಲಿ ತೇವಮಾಪಕದ ಮೇಲೆ ನೂರಕ್ಕೆ 55 ಎಂದು ತೋರಿಸುವ ಗಾಳಿಯು, ಒಂದು ಹನಿ ನೀರನ್ನೂ ಸೇರಿಸದೆ ಮುಚ್ಚಿದ ಪೆಟ್ಟಿಗೆಯಲ್ಲಿ 15 ಡಿಗ್ರಿಗೆ ತಣಿದರೆ, ಹೆಚ್ಚುಕಡಿಮೆ ನೂರಕ್ಕೆ ನೂರು ತೋರಿಸುತ್ತದೆ. ತಾಪವನ್ನು ಸರಿಮಾಡಿದರೆ ತೇವವು ಬಹುಮಟ್ಟಿಗೆ ತಾನಾಗಿಯೇ ಹಿಂಬಾಲಿಸುತ್ತದೆ.

ಆದರೆ ಏಸಿ ಹಾಕಿದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಏಸಿಯೊಳಗಿನ ತಣ್ಣನೆಯ ಸುರುಳಿಗೆ ತಗುಲಿದ ಗಾಳಿ ತನ್ನ ನೀರನ್ನು ಅಲ್ಲಿಯೇ ಬಿಟ್ಟು ಒಣಗಿ ಹೊರಬರುತ್ತದೆ. ಪೈಪಿನಿಂದ ಹೊರಗಿನ ಬಕೆಟ್ಟಿಗೆ ತೊಟ್ಟಿಕ್ಕುವುದು ನಮ್ಮ ಗಿಡಗಳ ಸುತ್ತಲಿದ್ದ ತೇವವೇ. ಮೇಲಾಗಿ ಮನೆಬಳಕೆಯ ಏಸಿಗಳು ಸಾಮಾನ್ಯವಾಗಿ 16 ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ, ಇಡೀ ಕೋಣೆಯನ್ನು ತಣಿಸುವ ಕರೆಂಟ್ ಬಿಲ್ಲಿನ ಮಾತಂತೂ ಬೇರೆಯೇ. ನೀರಿನ ಏರ್ ಕೂಲರ್ ಏಪ್ರಿಲ್ ತಿಂಗಳ ಒಣ ಮಧ್ಯಾಹ್ನಗಳಲ್ಲಿ ಬಹಳ ಸೊಗಸಾಗಿ ಕೆಲಸ ಮಾಡುತ್ತದೆ, ತಂಪನ್ನೂ ತೇವವನ್ನೂ ಒಟ್ಟಿಗೆ ಕೊಡುತ್ತದೆ. ರಾತ್ರಿ ಗಾಳಿಯ ತೇವ ಏರಿದಂತೆ ಅದರ ಶಕ್ತಿ ಕುಂದುತ್ತದೆ, ಮಳೆಗಾಲದಲ್ಲಿ ಅದು ಬರಿಯ ಫ್ಯಾನ್.

ಹೀಗಾಗಿ ನಾನು ಕಡೆಗೆ ನೆಚ್ಚಿಕೊಂಡದ್ದು ಹಳೆಯ ಡೀಪ್ ಫ್ರೀಜರ್ ಪೆಟ್ಟಿಗೆಯನ್ನು. ಅದರ ಮುಚ್ಚಳ ತೆಗೆದು ಗಾಜು ಹೊದಿಸಿ, ಗಾಜಿನ ಮೇಲೆ ಎಲ್‌ಇಡಿ ದೀಪಗಳನ್ನಿಟ್ಟು, ಹೊರಗಿನಿಂದ ತಾಪವನ್ನು ಹತೋಟಿಯಲ್ಲಿಡುವ ಒಂದು ಥರ್ಮೋಸ್ಟಾಟ್ ಜೋಡಿಸಿದ್ದೇನೆ. ಬೆಳಗಿನ ಆರರಿಂದ ಸಂಜೆ ಆರರವರೆಗೆ ದೀಪ ಉರಿಯುತ್ತದೆ, ಆಮೇಲೆ ಪೆಟ್ಟಿಗೆ ಮೆಲ್ಲನೆ 14 ಡಿಗ್ರಿಗೆ ಇಳಿಯುತ್ತದೆ. ಕಂಪ್ರೆಸರ್ ಒಮ್ಮೆ ನಿಂತರೆ ಕನಿಷ್ಠ ಮೂರು ನಿಮಿಷ ಮತ್ತೆ ಚಾಲೂ ಆಗದಂತೆ ಥರ್ಮೋಸ್ಟಾಟಿನಲ್ಲಿ ನಿಗದಿಪಡಿಸಬೇಕು, ಇಲ್ಲವಾದರೆ ಅದು ಬೇಗ ಕೆಡುತ್ತದೆ. ನೂರು ವ್ಯಾಟಿನ ದೀಪವು ಕಡೆಗೆ ಹೆಚ್ಚುಕಡಿಮೆ ನೂರು ವ್ಯಾಟಿನ ಶಾಖವೇ ಆಗುವುದರಿಂದ, ದೀಪಕ್ಕೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಎಂಬ ಭಾಗವನ್ನಾದರೂ ಪೆಟ್ಟಿಗೆಯಿಂದ ದೂರವಿಡುವುದು ಒಳ್ಳೆಯದು. ತಾಪಮಾಪಕದ ಸಂವೇದಕವನ್ನು ದೀಪದ ಬೆಳಕು ನೇರವಾಗಿ ಬೀಳದಂತೆ ಎಲೆಗಳ ಮಟ್ಟದಲ್ಲಿ ಕಟ್ಟಬೇಕು. ನಾನು ಮೊದಮೊದಲು ಗಾಜಿನ ಕೆಳಗೆ ಅಂಟಿಸಿದ್ದಾಗ ಅದು 29 ತೋರಿಸುತ್ತಿತ್ತು, ಗಿಡದ ಬಳಿ ಇದ್ದದ್ದು 24. ಒಳಗೆ ಕಂಪ್ಯೂಟರಿನ ಪುಟ್ಟ ಫ್ಯಾನೊಂದು ಸದಾ ತಿರುಗುತ್ತಿರಲಿ. ನಿಂತ ತೇವದ ಗಾಳಿಯಲ್ಲಿ ಬೂದುಬಣ್ಣದ ಬೂಷ್ಟು ಒಂದೇ ವಾರದಲ್ಲಿ ಕುಡಿಯನ್ನು ಕೊಳೆಸುತ್ತದೆ.

ಮಂಜಿನ ಯಂತ್ರದ ಕಥೆ ಇನ್ನೂ ಬಾಕಿಯಿದೆ. ಅದಕ್ಕೆ ನಾನು ಬೋರ್‌ವೆಲ್ ನೀರು ತುಂಬಿದ್ದೆ. ಹದಿನೈದು ದಿನಗಳಲ್ಲಿ ಎಲೆಗಳ ಮೇಲೆಲ್ಲ ತೆಳುವಾಗಿ ಸುಣ್ಣ ಬಳಿದಂತಾಗಿತ್ತು, ಬೆರಳಿನಿಂದ ಗೀರಿದರೆ ಹಸಿರು ಗೆರೆ ಮೂಡುತ್ತಿತ್ತು. ಶ್ರವಣಾತೀತ ಕಂಪನದಿಂದ ನೀರನ್ನು ಸಿಡಿಸುವ ಆ ಯಂತ್ರವು ನೀರಿನೊಳಗಿನ ಲವಣಗಳನ್ನೂ ಹಾರಿಸುತ್ತದೆ. ಪೋಷಕಾಂಶ ಕಡಿಮೆಯಿರುವ ನೆಲದಲ್ಲಿ ವಿಕಾಸಗೊಂಡ ಈ ಗಿಡಗಳ ಬೇರಿಗೂ ಎಲೆಗೂ ಲವಣ ಆಗದು. ಮಳೆನೀರು ಅಥವಾ ಆರ್‌ಓ ನೀರೇ ಆಗಬೇಕು.

ಇಷ್ಟೆಲ್ಲ ಏಕೆ ಎನ್ನುವವರು ಕೋಣೆಗೆ ತಕ್ಕ ಗಿಡವನ್ನೇ ಆರಿಸಿಕೊಳ್ಳಬಹುದು, ಮತ್ತು ಹೊಸಬರಿಗೆ ನಾನು ಹೇಳುವುದೂ ಅದನ್ನೇ. ಮೇಘಾಲಯದ ನೆಪೆಂಥಿಸ್ ಖಾಸಿಯಾನಾ ಭಾರತದ ಏಕೈಕ ಹೂಜಿ ಗಿಡ. ಗಾರೋ ಜನರು ಅದನ್ನು ದೆವ್ವದ ಬುಟ್ಟಿ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಕಾಡಿನಿಂದ ಕಿತ್ತ ಗಿಡವನ್ನು ಮುಟ್ಟಲೂಬಾರದು, ಆದರೆ ಬೀಜದಿಂದ ಬೆಳೆಸಿದ್ದು ಸಿಕ್ಕರೆ ಅದು ಬೆಂಗಳೂರಿನ ಹವೆಯನ್ನು ಗೊಣಗದೆ ತಾಳಿಕೊಳ್ಳುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ ಮಳೆ ಬಿದ್ದೊಡನೆ ಚಿಗುರುವ, ಎಲೆಯ ಅಂಟುಹನಿಗಳಿಂದ ಕೀಟ ಹಿಡಿಯುವ ಡ್ರೋಸೆರಾಗಳಿಗಂತೂ ಯಂತ್ರಗಳ ಗೊಡವೆಯೇ ಬೇಡ.

ಅಮೆರಿಕದ ಕ್ಯಾರೊಲೈನಾ ರಾಜ್ಯಗಳಿಂದ ಬಂದ, ಎಲೆ ಮಡಚಿ ಕೀಟ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಮಾತ್ರ ಬೇರೆ ತಕರಾರು ತೆಗೆಯುತ್ತದೆ. ಅದಕ್ಕೆ ಬೇಕಾದದ್ದು ಮೂರು ತಿಂಗಳ ನಿಜವಾದ ಚಳಿಗಾಲ, ಅದು ನಮ್ಮೂರಿನಲ್ಲಿಲ್ಲ. ಹಾಗಾಗಿ ನವೆಂಬರ್ ಕೊನೆಯಲ್ಲಿ ಅದನ್ನು ಕುಂಡದಿಂದ ತೆಗೆದು, ಒಣಗಿದ ಎಲೆಗಳನ್ನು ಕತ್ತರಿಸಿ, ಬೇರಿಗೆ ಒದ್ದೆ ಪಾಚಿ ಸುತ್ತಿ ಜಿಪ್ ಕವರಿನಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಡುತ್ತೇನೆ. ಫೆಬ್ರವರಿಯವರೆಗೆ ಅದು ಅಲ್ಲಿಯೇ, ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ಮಲಗಿರುತ್ತದೆ. ಸಾರಿಗೆ ಹಾಕಿಬಿಟ್ಟಾರೆಂಬ ಭಯದಿಂದ ಕವರಿನ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿಟ್ಟಿದ್ದೇನೆ.

ನಮಸ್ಕಾರ.