ಬಟವಾಡೆ ತಪ್ಪಿದ ಶನಿವಾರ

ನಮಸ್ಕಾರ. ಕಟ್ಟಡ ಕಾರ್ಮಿಕರ ಮಾನಸಿಕ ಆರೋಗ್ಯದ ಕುರಿತ ಈ ಮಾತನ್ನು ಗುತ್ತಿಗೆದಾರರು, ಬಿಲ್ಡರ್‌ಗಳು ಮತ್ತು ಪ್ರಾಜೆಕ್ಟ್ ಮ್ಯಾನೇಜರ್‌ಗಳು ಕೇಳಬೇಕೆಂಬುದು ನನ್ನ ಆಸೆ. ಹೆಲ್ಮೆಟ್ ಧರಿಸಿ, ಸೇಫ್ಟಿ ಬೆಲ್ಟ್ ಕಟ್ಟಿಕೊಳ್ಳಿ ಎಂಬ ಫಲಕ ಇಂದು ದೊಡ್ಡ ಸೈಟುಗಳ ಗೇಟಿನಲ್ಲೆಲ್ಲ ಇದೆ. ಆದರೆ ಸಾರುವೆಯ ಮೇಲೆ ನಿಂತವನು ಮೂರು ರಾತ್ರಿಗಳಿಂದ ಕಣ್ಣು ಮುಚ್ಚಿಲ್ಲ ಎಂಬುದನ್ನು ಗಮನಿಸುವ ಹೊಣೆ ಯಾರದು ಎಂದು ಯಾವ ಫಲಕವೂ ಹೇಳುವುದಿಲ್ಲ.

2021ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡ 1,64,033 ಜನರಲ್ಲಿ 42,004 ಮಂದಿ ದಿನಗೂಲಿಗಳೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿ ತಿಳಿಸುತ್ತದೆ. ಇವರೆಲ್ಲರೂ ಕಟ್ಟಡ ಕಾರ್ಮಿಕರಲ್ಲ, ನಿಜ. ಆದರೂ ಯಾದಗಿರಿ, ರಾಯಚೂರು, ಒಡಿಶಾ, ಬಿಹಾರಗಳಿಂದ ಬಂದು ಬೆಂಗಳೂರಿನ ತಗಡಿನ ಶೆಡ್ಡುಗಳಲ್ಲಿ ಮಲಗುವ ನಮ್ಮ ಜನ ಬದುಕುತ್ತಿರುವುದು ಅದೇ ದಿನಗೂಲಿಯ ಅನಿಶ್ಚಿತತೆಯಲ್ಲಿ.

ಹಲವು ವರ್ಷ ಸೈಟಿನಲ್ಲಿ ಕಳೆದ ನನಗೆ ಒಂದು ವಿಷಯ ಖಚಿತವಾಗಿದೆ: ಕಾರ್ಮಿಕನ ಮನಸ್ಸನ್ನು ಮೊದಲು ಕುಗ್ಗಿಸುವುದು ತಪ್ಪಿದ ಬಟವಾಡೆ. ಶನಿವಾರ ಸಿಗಬೇಕಾದ ಕೂಲಿ ಮುಂದಿನ ವಾರಕ್ಕೆ ಹೋದರೆ ಊರಿನಲ್ಲಿ ಮಗುವಿನ ಔಷಧಿ ನಿಲ್ಲುತ್ತದೆ, ಮೇಸ್ತ್ರಿಯ ಬಳಿ ಪಡೆದ ಮುಂಗಡ ಬೆಳೆಯುತ್ತದೆ, ಆ ಮುಂಗಡ ತೀರದೆ ಹಬ್ಬಕ್ಕೂ ಊರಿಗೆ ಹೋಗಲಾಗುವುದಿಲ್ಲ. ನಾನು ಕೆಲಸ ಮಾಡಿದ ಒಂದು ಸೈಟಿನಲ್ಲಿ ಬಿಲ್ ಪಾಸಾಗಿಲ್ಲವೆಂಬ ಕಾರಣಕ್ಕೆ ಮೂರು ವಾರ ಕೂಲಿ ನಿಂತಿತ್ತು. ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ತಂಡದಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಒಬ್ಬ ಯುವಕ ಆ ದಿನಗಳಲ್ಲಿ ಊಟದ ಹೊತ್ತಿಗೂ ದೂರ ಕುಳಿತಿರುತ್ತಿದ್ದ. ಅದನ್ನು ನಾನು ಕಂಡಿದ್ದೆ, ಆದರೆ ಕೇಳಲಿಲ್ಲ. ಸ್ಲ್ಯಾಬ್ ಹಾಕುವ ದಿನಾಂಕವೇ ನನಗೆ ದೊಡ್ಡದಾಗಿತ್ತು. ಒಂದು ಬೆಳಿಗ್ಗೆ ಅವನು ಯಾರಿಗೂ ಹೇಳದೆ ಹೊರಟುಹೋಗಿದ್ದ. ಇಂದಿಗೂ ಆ ಮೌನ ನನ್ನನ್ನು ಕಾಡುತ್ತದೆ.

2020ರ ಮೇ ತಿಂಗಳಲ್ಲಿ, ಬಿಲ್ಡರ್‌ಗಳೊಂದಿಗಿನ ಸಭೆಯ ಬೆನ್ನಲ್ಲೇ, ರಾಜ್ಯ ಸರ್ಕಾರ, ಲಾಕ್‌ಡೌನ್‌ನಲ್ಲಿ ಸಿಲುಕಿದ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುತ್ತಿದ್ದ ಶ್ರಮಿಕ ರೈಲುಗಳನ್ನು ನಿಲ್ಲಿಸಲು ಮುಂದಾಗಿ, ತೀವ್ರ ಟೀಕೆಯ ನಂತರ ಆ ತೀರ್ಮಾನವನ್ನು ಹಿಂಪಡೆಯಿತು. ಮನೆಗೆ ಹೋಗಬೇಕೆಂಬ ಹಂಬಲವನ್ನು ಕೆಲಸಕ್ಕೆ ಅಡ್ಡಿಯೆಂದು ನೋಡುವ ನಮ್ಮ ಉದ್ಯಮದ ಆ ದೃಷ್ಟಿ ಬದಲಾಗಲೇಬೇಕು.

ಬೆಳಿಗ್ಗೆ ಕೆಲಸಕ್ಕೆ ಮುಂಚೆ ನಡೆಯುವ ಸುರಕ್ಷತಾ ಮಾತುಕತೆಯಲ್ಲಿ, ಅಂದರೆ ಟೂಲ್‌ಬಾಕ್ಸ್ ಟಾಕ್‌ನಲ್ಲಿ, ಎರಡು ನಿಮಿಷ ನಿದ್ದೆಯ ಬಗ್ಗೆ, ಮನೆಯ ಬಗ್ಗೆ ಕೇಳಿ. ಕಾರ್ಮಿಕರು ನಂಬುವುದು ಮೇಸ್ತ್ರಿಯನ್ನಾದ್ದರಿಂದ ಮೊದಲ ತರಬೇತಿ ಅವರಿಗೇ ಸಿಗಲಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತವಾಗಿದ್ದು, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಹಗಲಿರುಳು ದೊರೆಯುತ್ತದೆ. ಆ ಸಂಖ್ಯೆಯನ್ನು ಕಚೇರಿಯ ಗೋಡೆಯ ಬದಲು ನೀರಿನ ಡ್ರಮ್ಮಿನ ಪಕ್ಕದಲ್ಲಿ, ಕಾರ್ಮಿಕರು ಆಡುವ ಭಾಷೆಗಳಲ್ಲೇ ಬರೆಸಿ. ಯಾರಾದರೂ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದರೆ, ಪೊಲೀಸರ ಭಯದಿಂದ ಮುಚ್ಚಿಡಬೇಡಿ: ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ. ಚಿಕಿತ್ಸೆಗೆ ಹೋದವನ ಆ ದಿನದ ಹಾಜರಿಯನ್ನು ಕತ್ತರಿಸಬೇಡಿ, ಮರಳಿ ಬಂದಾಗ ಕೆಲವು ವಾರ ಎತ್ತರದ ಕೆಲಸ ಬಿಡಿಸಿ ನೆಲದ ಮೇಲಿನ ಕೆಲಸ ಕೊಡಿ, ಕೂಲಿಯನ್ನು ಮಾತ್ರ ಇಳಿಸಬೇಡಿ.